‘ಸೂಯ್ರ’ ಎಂದು ಓದಿದ ಹುಡುಗ

ಶಂಕರಪುರದ ಒಂದು ಮನೆಯ ಜಗಲಿ, ಬೆಳಗ್ಗೆ ಎಂಟರ ಹೊತ್ತು. ನಸುಕಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗು ಬಟ್ಟೆಯ ಮೇಲೆ ಹರಡಿದೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಟೀಚರ್ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಾರೆ. ಅವರ ಕೈಯಲ್ಲಿ ಅಕ್ಷರ ಕಲಿತ ಹುಡುಗಿ ಈಗ ಸಂಶೋಧನಾ ವಿದ್ಯಾರ್ಥಿನಿ. ರಜೆಗೆ ಊರಿಗೆ ಬಂದವಳು ಟೀಚರನ್ನು ಕಾಣಲು ಬಂದಿದ್ದಾಳೆ. ಟೀಚರ ಮನೆಮಾತು ಕೊಂಕಣಿ, ಹುಡುಗಿಯದು ತುಳು. ಇಬ್ಬರ ನಡುವೆ ಶಾಲೆಯ ಕಾಲದಿಂದಲೂ ಕನ್ನಡ.

ಟೀಚರ್: ಕೂತ್ಕೋ ಮಗಾ. ಹೂ ತಕ್ಕೊಂಡು ಹೋಗುವವ ಬರುವುದರೊಳಗೆ ಕಟ್ಟಿ ಮುಗಿಸಬೇಕು, ಹಾಗಾಗಿ ನಾನು ಕೈ ನಿಲ್ಲಿಸುವುದಿಲ್ಲ. ನೀನು ಮಾತಾಡು. ಮನಸ್ಸಿನ ಬಗ್ಗೆ ಪಿಎಚ್‌ಡಿ ಮಾಡ್ತಿದ್ದಾಳೆ ಅಂತ ನಿನ್ನಮ್ಮ ಹೇಳಿದ್ರು. ಕೌನ್ಸೆಲಿಂಗಾ?

ಶಿಷ್ಯೆ: ಎಲ್ಲರೂ ಮೊದಲು ಅದನ್ನೇ ಕೇಳುವುದು ಟೀಚರ್. ಸೈಕಾಲಜಿ ಅಂದ ಕೂಡಲೇ, ‘ಹಾಗಾದ್ರೆ ನನ್ನ ಮನಸ್ಸಲ್ಲಿ ಎಂತ ಉಂಟು ಹೇಳು’ ಅಂತಾರೆ. ಮನಸ್ಸಿನ ನೋವಿಗೆ ಮದ್ದು ಮಾಡುವವರು ಬೇರೆ. ನನ್ನದು ಅರಿವಿನ ಮನೋವಿಜ್ಞಾನ, ಕಾಗ್ನಿಟಿವ್ ಸೈಕಾಲಜಿ. ಏನೂ ತೊಂದರೆ ಇಲ್ಲದ ಮನಸ್ಸು ದಿನವಿಡೀ ಮಾಡುವ ಕೆಲಸ ಉಂಟಲ್ಲ, ನೆನಪಿಡುವುದು, ಗಮನ ಕೊಡುವುದು, ಓದುವುದು, ಲೆಕ್ಕ ಹಾಕುವುದು, ಅದು ಹೇಗೆ ನಡೀತದೆ ಅಂತ ನೋಡುವುದು.

ಟೀಚರ್: ಅದರಲ್ಲಿ ನೋಡಲಿಕ್ಕೆ ಎಂತ ಉಂಟು? ನಡೀತದೆ, ಅಷ್ಟೇ.

ಶಿಷ್ಯೆ: ಈಗ ನಿಮ್ಮ ಹೂವಿನ ಲೆಕ್ಕ ಎಷ್ಟಕ್ಕೆ ಬಂತು?

ಟೀಚರ್: 240.

ಶಿಷ್ಯೆ: ಕಟ್ಟುತ್ತಾ ಇರಿ. ಹಾಗೇ ನೂರರಿಂದ ಮೂರು ಮೂರು ಕಳೆಯುತ್ತಾ ಜೋರಾಗಿ ಹೇಳ್ತಾ ಹೋಗಿ.

ಟೀಚರ್: ನೂರು, ತೊಂಬತ್ತೇಳು, ತೊಂಬತ್ತನಾಲ್ಕು, ತೊಂಬತ್ತೊಂದು, ಎಂಬತ್ತೆಂಟು, ಎಂಬತ್ತೈದು... ಅಯ್ಯೋ ಮಾರಾಯ್ತಿ, ಹೂವಿನ ಲೆಕ್ಕ ಹೋಯ್ತಲ್ಲ!

ಶಿಷ್ಯೆ: ಲೆಕ್ಕ ಹೋಯ್ತು. ಕೈ ನಿಂತಿತಾ?

ಟೀಚರ್: ಇಲ್ಲ.

ಶಿಷ್ಯೆ: ಗಂಟು ತಪ್ಪಿತಾ?

ಟೀಚರ್: ನೋಡು, ಒಂದೂ ತಪ್ಪಲಿಲ್ಲ.

ಶಿಷ್ಯೆ: ಅಲ್ಲೇ ಒಂದು ಸಂಗತಿ ಗೊತ್ತಾಯ್ತು. ಹೂ ಕಟ್ಟುವುದು, ಎಣಿಸುವುದು ಎರಡನ್ನೂ ನೀವು ಒಟ್ಟಿಗೇ ಮಾಡ್ತಿದ್ರಿ. ಹೊರಗಿನಿಂದ ನೋಡುವವರಿಗೆ ಅದು ಒಂದೇ ಕೆಲಸ. ಆದರೆ ನಾನು ಮಧ್ಯೆ ಇನ್ನೊಂದು ಲೆಕ್ಕ ಹಾಕಿದಾಗ ಒಂದು ಬಿತ್ತು, ಇನ್ನೊಂದು ಅಲುಗಲಿಲ್ಲ. ಹಾಗಾದ್ರೆ ಅವೆರಡೂ ಮನಸ್ಸಿನ ಬೇರೆ ಬೇರೆ ಕೋಣೆಯಲ್ಲಿ ನಡೀತಾ ಇದ್ದವು. 1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ಮಾಡಿದ್ದು ಇಂಥದೇ ಪ್ರಯೋಗ. ಮೂರೇ ಮೂರು ಅಕ್ಷರ ನೆನಪಿಡಲಿಕ್ಕೆ ಹೇಳಿ, ಕೂಡಲೇ ಮೂರು ಮೂರು ಕಳೆಯುವ ಲೆಕ್ಕ ಕೊಟ್ರು. 18 ಸೆಕೆಂಡು ಕಳೆಯುವಾಗ ಆ ಮೂರು ಅಕ್ಷರ ಹೆಚ್ಚಿನವರ ನೆನಪಲ್ಲಿ ಉಳಿದಿರಲಿಲ್ಲ.

ಟೀಚರ್: ಮೂರು ಅಕ್ಷರವಾ? ನಾನು ದಿನಾ 3,200 ಹೂ ಎಣಿಸ್ತೇನೆ.

ಶಿಷ್ಯೆ: ಹೇಗೆ ಎಣಿಸ್ತೀರಿ ಹೇಳಿ.

ಟೀಚರ್: 800ಕ್ಕೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಬರುವುದೂ ಅಟ್ಟೆಯ ಲೆಕ್ಕದಲ್ಲೇ.

ಶಿಷ್ಯೆ: ಇದೇ ನಮ್ಮ ಶಾಸ್ತ್ರದ ಒಂದು ದೊಡ್ಡ ಮಾತು. ಮನಸ್ಸು ಒಂದು ಹೊತ್ತಿಗೆ ಹಿಡಿದಿಡುವುದು ಸುಮಾರು ಏಳು ತುಂಡು ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು. ಅಷ್ಟೂ ಇಲ್ಲ, ನಾಲ್ಕರ ಆಸುಪಾಸು ಅಂತ ಆಮೇಲಿನವರು ತೋರಿಸಿದರು. ಆದರೆ ಮಿಲ್ಲರ್ ಇನ್ನೊಂದು ಮಾತು ಹೇಳಿದ್ರು: ತುಂಡಿನ ಸಂಖ್ಯೆಗೆ ಮಿತಿ ಉಂಟು, ತುಂಡಿನ ಗಾತ್ರಕ್ಕೆ ಇಲ್ಲ. ಬಿಡಿ ಮೊಗ್ಗು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಚೆಂಡು ಮಾಡಿದ್ರೆ ನಾಲ್ಕೇ ನಾಲ್ಕು. ಶಂಕರಪುರದ ಹೂವಿನವರು ಯಾವ ಪುಸ್ತಕ ಓದಿ ಇದನ್ನು ಮಾಡಿದ್ದಲ್ಲ. ತಮ್ಮ ಮನಸ್ಸಿನ ಅಳತೆಗೆ ಸರಿಯಾಗಿ ಅಳತೆ ಮಾಡಿಕೊಂಡರು.

ಟೀಚರ್: ಎಣಿಕೆ ಹೋಯ್ತು, ಗಂಟು ಉಳಿಯಿತು ಅಂದೆಯಲ್ಲ, ನನಗೆ ಅಮ್ಮನ ನೆನಪಾಯ್ತು. ಕೊನೆಯ ಎರಡು ವರ್ಷ ಅಮ್ಮನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ‘ನೀನು ಯಾರ ಮಗಳು?’ ಅಂತ ನನ್ನನ್ನೇ ಕೇಳ್ತಿದ್ರು. ಆದರೆ ಮಡಿಲಿಗೆ ನಾಲ್ಕು ಮುಷ್ಟಿ ಮೊಗ್ಗು ಹಾಕಿ ನಾರು ಕೊಟ್ರೆ ಸಾಕು, ಗಂಟು ಒಂದರ ಹಿಂದೆ ಒಂದು ಬೀಳ್ತಿತ್ತು. ನನ್ನ ತಮ್ಮನಿಗೆ ಅದನ್ನು ನೋಡಿ ಬೇಸರ. ‘ಹೂ ಕಟ್ಟಲಿಕ್ಕೆ ನೆನಪುಂಟು, ಹೆತ್ತ ಮಕ್ಕಳ ಹೆಸರಿಲ್ಲವಾ? ಬೇಕಂತ ಮಾಡುವುದು’ ಅಂತಿದ್ದ.

ಶಿಷ್ಯೆ: ಬೇಕಂತ ಮಾಡಿದ್ದಲ್ಲ ಟೀಚರ್. ಹೆಸರಿನ ನೆನಪು ಬೇರೆ, ಕೈಯ ನೆನಪು ಬೇರೆ. ಇದು ಗಟ್ಟಿಯಾದದ್ದು ಒಬ್ಬನೇ ಮನುಷ್ಯನಿಂದ. 1953ರಲ್ಲಿ ಅಮೆರಿಕದಲ್ಲಿ 27 ವರ್ಷದ ಒಬ್ಬನಿಗೆ ಅಪಸ್ಮಾರ ವಾಸಿಯಾಗಲಿ ಅಂತ ಮಿದುಳಿನ ಎರಡೂ ಬದಿಯ ಒಂದಿಷ್ಟು ಭಾಗ ತೆಗೆದರು. ಆಮೇಲೆ ಅವನಿಗೆ ಹೊಸತೇನೂ ನೆನಪಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದರೆ ಹೊಸಬರು. ಕೆನಡಾದ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ರು: ಕೈಯನ್ನು ನೇರ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದು. ಮೊದಲ ದಿನ ಗೆರೆ ಎಲ್ಲೆಲ್ಲೋ ಹೋಯ್ತು. ಮೂರನೇ ದಿನ ಚೆನ್ನಾಗಿ ಬಂತು. ಆದರೆ ಇದನ್ನು ಮೊದಲು ಮಾಡಿದ್ದೇನೆ ಅಂತ ಅವನಿಗೆ ನೆನಪೇ ಇಲ್ಲ. ಕೈ ಕಲಿತಿತ್ತು, ಅವನಿಗೆ ಗೊತ್ತಿರಲಿಲ್ಲ.

ಟೀಚರ್: ಪಾಪ. ಆಮೇಲೆ?

ಶಿಷ್ಯೆ: 2008ರಲ್ಲಿ ತೀರಿಹೋಗುವವರೆಗೂ ಸಂಶೋಧಕರು ಬಂದರೆ ಸಹಕರಿಸುತ್ತಿದ್ದ. ಪುಸ್ತಕಗಳಲ್ಲಿ ಅವನ ಹೆಸರಿನ ಎರಡಕ್ಷರ ಮಾತ್ರ ಇತ್ತು. ಹೆನ್ರಿ ಮೊಲೈಸನ್ ಅಂತ ಪೂರ್ತಿ ಹೆಸರು ಹೊರಗೆ ಬಂದದ್ದು ಸತ್ತ ಮೇಲೆ. ನಿಮ್ಮ ಅಮ್ಮನಿಗೆ ಆದದ್ದು ಅದೇ ಅಲ್ಲ, ಪ್ರಾಯದ ಮರೆವಿನ ಕಾಯಿಲೆ. ಆದರೆ ಅದರಲ್ಲೂ ಕೈಗೆ ಹತ್ತಿದ ಕೆಲಸ ಹೆಸರುಗಳಿಗಿಂತ ಹೆಚ್ಚು ಕಾಲ ಉಳಿಯುವುದುಂಟು.

ಟೀಚರ್: ಇದನ್ನು ತಮ್ಮನಿಗೆ ಹೇಳ್ಬೇಕು. ಅಮ್ಮನ ಮೇಲಿನ ಆ ಸಿಟ್ಟನ್ನು ಅವನು ಇವತ್ತಿಗೂ ಇಟ್ಟುಕೊಂಡಿದ್ದಾನೆ.

ಶಿಷ್ಯೆ: ಮರೆವಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಹತ್ತಿರದ ಇನ್ನೊಂದು ಸಂಶೋಧನೆ ಉಂಟು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮೊದಲು ಹೈದರಾಬಾದಿನಲ್ಲಿದ್ದಾಗ, ಇಂಥ ಕಾಯಿಲೆಯ 648 ಜನರ ವಿವರವನ್ನು ಅವರ ತಂಡ ನೋಡಿತು. ಅದು ಪ್ರಕಟವಾದದ್ದು 2013ರಲ್ಲಿ. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಹಾಗೇ. ಹೈದರಾಬಾದ್ ಅಂದ್ರೆ ತೆಲುಗು, ಉರ್ದು, ಹಿಂದಿ ಬೀದಿಯಲ್ಲೇ ಬೆರೆತಿರುವ ಊರು. ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಇಲ್ಲವಾ, ಹಾಗೆ.

ಟೀಚರ್: ಹಾಗಾದ್ರೆ ಮನೆಮಾತು ಬಿಟ್ಟು ಮಕ್ಕಳ ಹತ್ರ ಇಂಗ್ಲಿಷೇ ಮಾತಾಡುವವರಿಗೆ ಇದನ್ನು ಹೇಳಬಹುದಲ್ಲ. ಎರಡು ಮೂರು ಭಾಷೆ ಆದ್ರೆ ಮಕ್ಕಳಿಗೆ ಗೊಂದಲ ಆಗ್ತದೆ ಅಂತ ಹೆದರ್ತಾರೆ.

ಶಿಷ್ಯೆ: ಹೇಳಬಹುದು, ಆದರೆ ಅಳತೆ ಮೀರಬಾರದು. ಭಾಷೆ ಕಲಿತರೆ ಕಾಯಿಲೆ ಬರುವುದೇ ಇಲ್ಲ ಅಂತ ಅಲ್ಲ. ಬೇರೆ ದೇಶದ ಎಲ್ಲ ಅಧ್ಯಯನಗಳೂ ಇದೇ ಉತ್ತರ ಕೊಟ್ಟಿಲ್ಲ. ಆದರೆ ಮನೆಮಾತು ಮಕ್ಕಳ ತಲೆಗೆ ಹೊರೆ ಅನ್ನುವ ಹೆದರಿಕೆಗೆ ಆಧಾರ ಇಲ್ಲ. ಅಷ್ಟನ್ನು ಧೈರ್ಯದಿಂದ ಹೇಳಬಹುದು.

ಟೀಚರ್: ಆದರೂ ನನಗೊಂದು ಸಂಶಯ. ಹೂವನ್ನು ಎಣಿಸಬಹುದು, ತೂಗಬಹುದು. ಮನಸ್ಸನ್ನು ಅಳೆಯುವುದು ಹೇಗೆ?

ಶಿಷ್ಯೆ: ಮನಸ್ಸು ಕಾಣುವುದಿಲ್ಲ. ಆದರೆ ಅದು ಎರಡು ಗುರುತು ಬಿಟ್ಟು ಹೋಗ್ತದೆ. ಒಂದು, ಕೆಲಸಕ್ಕೆ ಹಿಡಿದ ಹೊತ್ತು. 1868ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೊಂಡರ್ಸ್ ಅನ್ನುವವರು ಒಂದು ಸುಲಭ ಉಪಾಯ ಮಾಡಿದ್ರು. ಮೊದಲು, ಗುರುತು ಸಿಕ್ಕಿದ ಕೂಡಲೇ ಕೈ ಆಡಿಸಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ನೋಡಿದರು. ಆಮೇಲೆ, ಒಂದು ಗುರುತಿಗೆ ಎಡಗೈ, ಇನ್ನೊಂದಕ್ಕೆ ಬಲಗೈ. ಈಗ ಸ್ವಲ್ಪ ಹೆಚ್ಚು ಹೊತ್ತು ಬೇಕಾಯ್ತು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಮನಸ್ಸು ‘ಯಾವ ಕೈ?’ ಅಂತ ತೀರ್ಮಾನಿಸಿದ ಹೊತ್ತು. ಯೋಚನೆಯನ್ನು ಹೀಗೆ ಕಳೆಯುವ ಲೆಕ್ಕದಿಂದ ಅಳೆದರು. ಇವತ್ತು ಕಂಪ್ಯೂಟರಿನ ಮುಂದೆ ಮಕ್ಕಳನ್ನು ಕೂರಿಸಿ ನಾನು ಮಾಡುವುದೂ ಅದೇ ಲೆಕ್ಕ.

ಟೀಚರ್: ಇನ್ನೊಂದು ಗುರುತು?

ಶಿಷ್ಯೆ: ತಪ್ಪು. ನಾವು ಹೆಚ್ಚು ಕಲಿಯುವುದು ತಪ್ಪುಗಳಿಂದ. ಸರಿಯಾದ ಉತ್ತರ ಎಲ್ಲರದೂ ಒಂದೇ ಥರ. ಅದರ ಹಿಂದೆ ಎಂತ ನಡೆಯಿತು ಅಂತ ಗೊತ್ತಾಗುವುದಿಲ್ಲ. ತಪ್ಪಿಗೆ ಮಾತ್ರ ದಾರಿಯ ಗುರುತು ಇರ್ತದೆ.

ಟೀಚರ್: ಇದೆಲ್ಲ ಹೊರಗಿನವರದೇ ಆಯ್ತಲ್ಲ. ನಮ್ಮಲ್ಲಿ ಯಾರೂ ಮಾಡಲಿಲ್ಲವಾ?

ಶಿಷ್ಯೆ: ನಮ್ಮಲ್ಲಿ ಹಳೆಯದೇ. ದೇಶದಲ್ಲಿ ಮೊದಲು ಕಲ್ಕತ್ತಾ, ಆಮೇಲೆ ಮೈಸೂರು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರು ಮಾಡಿದ್ದು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅನ್ನುವ ಮನೋವಿಜ್ಞಾನಿಯ ಹತ್ರ ಕಲಿತು ಬಂದವರು. ನೀವು ಅವರನ್ನು ಬೇರೆ ಕಾರಣಕ್ಕೆ ಕೇಳಿರಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದವರು. ಅದರ ಹೆಸರು ‘ಆಕಾಶವಾಣಿ’.

ಟೀಚರ್: ಆಕಾಶವಾಣಿ ಹೆಸರು ಮನೋವಿಜ್ಞಾನದ ಮೇಷ್ಟ್ರ ಮನೆಯಿಂದ ಬಂದದ್ದಾ! ಎಷ್ಟು ವರ್ಷ ರೇಡಿಯೋ ಕೇಳಿದ್ದೇನೆ, ಗೊತ್ತೇ ಇರಲಿಲ್ಲ.

ಶಿಷ್ಯೆ: ಅದೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಆಮೇಲೆ ಪ್ರಕಾಶ್ ಪದಕಣ್ಣಾಯ ಅವರು ಮಕ್ಕಳು ಕನ್ನಡ ಓದುವ ಬಗೆ, ಕನ್ನಡ, ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದಲು ಕಲಿಯುವ ಬಗೆಯ ಮೇಲೆ ಕೆಲಸ ಮಾಡಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿ, ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದ ಸೋನಾಲಿ ನಾಗ್ ಕನ್ನಡ ಅಕ್ಷರ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಬರೆದ ಪ್ರಬಂಧ ನನ್ನನ್ನು ಈ ದಾರಿಗೆ ತಂದದ್ದು.

ಟೀಚರ್: ಅಕ್ಷರದ ಬಗ್ಗೆಯಾ? ಹೇಳು, ಅದು ನನ್ನ ಕೆಲಸ.

ಶಿಷ್ಯೆ: ಒಂದನೇ ಕ್ಲಾಸಿನ ಮಗುವಿಗೆ, ‘ಮರ’ದಲ್ಲಿ ‘ಮ’ ತೆಗೆದರೆ ಎಂತ ಉಳೀತದೆ ಅಂತ ಕೇಳಿ.

ಟೀಚರ್: ‘ರ’. ಯಾವ ಮಗುವೂ ಹೇಳ್ತದೆ.

ಶಿಷ್ಯೆ: ಈಗ ‘ಮ’ದ ಒಳಗಿನ ‘ಮ್’ ಅನ್ನುವ ಸದ್ದು ಮಾತ್ರ ತೆಗಿ ಅಂದ್ರೆ?

ಟೀಚರ್: ‘ಅರ’ ಆಗ್ಬೇಕು. ಅದು ಮಕ್ಕಳಿಗೆ ಕಷ್ಟ. ದೊಡ್ಡವರೂ ಒಂದು ಕ್ಷಣ ನಿಲ್ತಾರೆ.

ಶಿಷ್ಯೆ: ಯಾಕಂದ್ರೆ ನಮ್ಮ ಲಿಪಿಯಲ್ಲಿ ವ್ಯಂಜನ, ಸ್ವರ ಎರಡೂ ಒಂದೇ ಅಕ್ಷರದಲ್ಲಿ ಕೂತಿರ್ತವೆ. ಇಂಗ್ಲಿಷಿನಲ್ಲಿ ಓದಲು ಕಲಿಯುವ ಮಗುವಿಗೆ ಬಿಡಿ ಸದ್ದಿನ ಅರಿವು ಬೇಗ ಬರಬೇಕು ಅಂತ ಅಲ್ಲಿನವರು ಹೇಳಿದ್ದರು. ಅದನ್ನೇ ಎಲ್ಲ ಭಾಷೆಗೂ ನಿಯಮ ಅಂತ ಹಿಡಿದವರಿದ್ದರು. ಕನ್ನಡದ ಮಕ್ಕಳಲ್ಲಿ ಆ ಅರಿವು ನಿಧಾನವಾಗಿ ಮೂಡ್ತದೆ, ಆದರೂ ಅವರು ಓದ್ತಾರೆ ಅಂತ ಇಲ್ಲಿನವರು ತೋರಿಸಿದರು. ಇನ್ನೊಂದು ವಿಷಯ ಸಂಖ್ಯೆಯದು. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ವರ್ಣಮಾಲೆ 49 ಅಂತ ಹೇಳ್ತೇವೆ, ಆದರೆ ಮಗುವಿನ ಕಣ್ಣಿಗೆ ಬೀಳುವುದು 49 ಅಲ್ಲ. 34 ವ್ಯಂಜನಕ್ಕೆ ಕಾಗುಣಿತದ ಹನ್ನೆರಡೇ ರೂಪ ಅಂತ ಹಿಡಿದ್ರೂ 408 ಆಯ್ತು. ಅದರ ಮೇಲೆ ಒತ್ತಕ್ಷರ. ಹಾಗಾಗಿ ಕನ್ನಡದಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ನಾಲ್ಕನೇ ಕ್ಲಾಸಿನವರೆಗೂ ನಡೀತಾ ಇರ್ತದೆ ಅಂತ ಸೋನಾಲಿ ನಾಗ್ ಅವರ ಕೆಲಸದಿಂದ ಗೊತ್ತಾಯ್ತು. ಮಗು ಮಂದ ಅಂತ ಅಲ್ಲ, ದಾರಿಯೇ ಅಷ್ಟು ಉದ್ದ.

ಟೀಚರ್: ನಾಲ್ಕನೇ ಕ್ಲಾಸಿನವರೆಗೆ...

ಶಿಷ್ಯೆ: ಎಂತ ಆಯ್ತು ಟೀಚರ್? ಕೈ ನಿಲ್ಲಿಸಿದ್ರಿ.

ಟೀಚರ್: ಮೂರನೇ ಕ್ಲಾಸಿನಲ್ಲಿ ನನಗೊಬ್ಬ ಹುಡುಗ ಇದ್ದ. ನೀನು ಹುಟ್ಟುವ ಮೊದಲು. ‘ಸೂರ್ಯ’ ಅಂತ ಬೋರ್ಡಿನಲ್ಲಿ ಬರೆದರೆ ‘ಸೂಯ್ರ’ ಅಂತ ಓದ್ತಿದ್ದ. ಎಷ್ಟು ಸಲ ತಿದ್ದಿದ್ರೂ ‘ಸೂಯ್ರ’. ‘ಸ್ಥಿತಿ’ಯನ್ನು ‘ಸಿಥತಿ’ ಅಂದ. ನಾನು ಒಂದು ದಿನ ಅವನನ್ನು ನಿಲ್ಲಿಸಿ ಹತ್ತು ಸಲ ಹೇಳಿಸಿದೆ. ಕ್ಲಾಸಿಡೀ ನಗಾಡಿತು. ಆಮೇಲೆ ಅವನು ಜೋರಾಗಿ ಓದಲೇ ಇಲ್ಲ. ಅವನ ಸರದಿ ಬಂದಾಗ ಬಾಯಿ ಮುಚ್ಚಿ ನಿಲ್ತಿದ್ದ. ಏಳನೆಯದಕ್ಕೆ ಶಾಲೆ ಬಿಟ್ಟ.

ಶಿಷ್ಯೆ: ನೀವು ‘ಸೂರ್ಯ’ ಹೇಗೆ ಬರೀತಿದ್ರಿ? ಅರ್ಕಾವೊತ್ತು ಹಾಕಿಯಾ?

ಟೀಚರ್: ಹೌದು. ‘ಸೂ’ ಬರೆದು, ‘ಯ’ ಬರೆದು, ಆಮೇಲೆ ಒಂಬತ್ತರ ಹಾಗೆ ಅರ್ಕಾವೊತ್ತು. ಪುಸ್ತಕದಲ್ಲೂ ಹಾಗೇ ಇತ್ತು.

ಶಿಷ್ಯೆ: ಬಾಯಿಗೆ ಯಾವುದು ಮೊದಲು? ‘ರ್’. ಕಣ್ಣಿಗೆ ಯಾವುದು ಮೊದಲು? ‘ಯ’. ಎಡದಿಂದ ಬಲಕ್ಕೆ ಓದಬೇಕು ಅಂತ ನೀವೇ ಕಲಿಸಿದ್ರಿ. ಅವನು ಹಾಗೇ ಓದಿದ: ಸೂ, ಯ್, ರ. ‘ಸ್ಥಿತಿ’ಯನ್ನೂ ನೋಡಿ. ‘ಇ’ಕಾರ ಕೇಳುವುದು ‘ಥ’ದ ನಂತರ, ಆದರೆ ಗುಡಿಸು ಕೂತಿರುವುದು ಮೇಲಿನ ‘ಸ’ದ ತಲೆಯ ಮೇಲೆ. ಕಣ್ಣಿಗೆ ಕಾಣುವುದು ‘ಸಿ’, ಅದರ ಕೆಳಗೆ ‘ಥ’. ‘ಸಿಥತಿ’ ಅಂತ ಓದಿದವನು ಕಂಡದ್ದನ್ನು ಕಂಡ ಹಾಗೆಯೇ ಓದಿದ. ಬಾಯಿಯ ಕ್ರಮ, ಬರಹದ ಕ್ರಮ ಎರಡೂ ಬೇರೆ ಆಗುವ ಜಾಗ ನಮ್ಮ ಲಿಪಿಯಲ್ಲಿ ಇವು. ಸರಿಯಾಗಿ ಅಲ್ಲೇ ಅವನು ನಿಂತಿದ್ದ, ಬೇರೆಲ್ಲೂ ಅಲ್ಲ.

ಟೀಚರ್: ಬಾಕಿ ಎಲ್ಲ ಓದ್ತಿದ್ದ. ‘ಅಕ್ಕ’, ‘ಅಣ್ಣ’, ‘ಬೆಟ್ಟ’ ಎಲ್ಲ ಸರಿಯಾಗಿ ಓದ್ತಿದ್ದ. ಅದು ನನಗೆ ಆಗ ಕಾಣಲೇ ಇಲ್ಲ. ‘ಯಾಕೆ ತಪ್ಪಿದ್ದಿ?’ ಅಂತ ಕೇಳಿದೆ. ಅವನು ಎಂತ ಹೇಳಿಯಾನು, ಎಂಟು ವರ್ಷದ ಮಗು.

ಶಿಷ್ಯೆ: ‘ಯಾಕೆ ತಪ್ಪಿದ್ದಿ’ ಅಂದ್ರೆ ಮಗು ತಲೆ ತಗ್ಗಿಸ್ತದೆ. ‘ಹೇಗೆ ಓದಿದ್ದಿ, ಬೆರಳಿಟ್ಟು ತೋರಿಸು’ ಅಂದ್ರೆ ದಾರಿ ತೋರಿಸ್ತದೆ. ನನ್ನ ಶಾಸ್ತ್ರ ನನಗೆ ಕಲಿಸಿದ್ದು ಈ ಒಂದು ಮಾತಿನ ವ್ಯತ್ಯಾಸ ಟೀಚರ್. ಉಳಿದದ್ದೆಲ್ಲ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲಿಕ್ಕೆ ಬೇಕಾದ ಉಪಕರಣ.

ಟೀಚರ್: ನೀನು ಒಳ್ಳೆಯವಳಾಗಿ ಹೇಳ್ತಿ. ತಪ್ಪು ನನ್ನದೇ.

ಶಿಷ್ಯೆ: ನಾನೂ ಅದನ್ನೇ ಮಾಡಿದ್ದೇನೆ, ಇಷ್ಟೆಲ್ಲ ಓದಿದ ಮೇಲೆ. ನನ್ನ ಮೊದಲ ಪ್ರಯೋಗದಲ್ಲಿ ಚಿತ್ರ ನೋಡಿ ಬೇಗ ಹೆಸರು ಹೇಳಬೇಕಿತ್ತು. ಗುಂಡಗಿನ ಹಸಿರು ಬದನೆಯ ಒಂದು ಚಿತ್ರ ಇತ್ತು. ಸರಿ ಉತ್ತರ ‘ಬದನೆಕಾಯಿ’ ಅಂತ ನಾನು ಮೊದಲೇ ಬರೆದಿಟ್ಟಿದ್ದೆ. ಮಟ್ಟು, ಕಟಪಾಡಿ ಕಡೆಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ‘ಗುಳ್ಳ’ ಅಂದರು. ನಾನು ಒಬ್ಬೊಬ್ಬರ ಎದುರೂ ತಪ್ಪು ಹಾಕ್ತಾ ಹೋದೆ. ಮಟ್ಟು ಗುಳ್ಳ ತಿಂದು ಬೆಳೆದವಳು ನಾನು! ಸಂಜೆ ಕೂತು ನೋಡುವಾಗ ನಾಚಿಕೆಯಾಯ್ತು. ಮಕ್ಕಳು ನನಗಿಂತ ನಿಖರವಾಗಿ ಹೇಳಿದ್ದರು. ಪಟ್ಟಿಯನ್ನೇ ಬದಲಾಯಿಸಿ ಪ್ರಯೋಗವನ್ನು ಮೊದಲಿಂದ ಮಾಡಿದೆ. ಆರು ತಿಂಗಳು ಹೋಯ್ತು.

ಟೀಚರ್: ನಿನಗೆ ಮೊದಲಿಂದ ಮಾಡಲಿಕ್ಕೆ ಆಯ್ತು. ನನ್ನ ಹುಡುಗ ಏಳನೆಯದರಲ್ಲೇ ಉಳಿದ.

ಶಿಷ್ಯೆ: ಅವನು ಈಗ ಎಲ್ಲಿದ್ದಾನೆ?

ಟೀಚರ್: ಎಲ್ಲಿಯೂ ಹೋಗಲಿಲ್ಲ. ಈಗ ಬರ್ತಾನೆ ನೋಡು ಬೈಕಿನಲ್ಲಿ, ಹೂ ತಕ್ಕೊಂಡು ಹೋಗಲಿಕ್ಕೆ. ಮೂವತ್ತು ಮನೆಯ ಹೂ ಒಟ್ಟು ಮಾಡ್ತಾನೆ. ಯಾರದು ಎಷ್ಟು ಚೆಂಡು, ಇವತ್ತಿನ ದರದಲ್ಲಿ ಯಾರಿಗೆ ಎಷ್ಟು, ನಿನ್ನೆಯ ಬಾಕಿ ಎಷ್ಟು, ಎಲ್ಲ ಬಾಯಲ್ಲೇ. ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ಅವನಿಗೆ ಮೂವತ್ತೈದು ದಾಟಿದ್ದೂ ಇಲ್ಲ.

ಶಿಷ್ಯೆ: ಬ್ರೆಜಿಲ್‌ನ ರೆಸಿಫೆ ಅನ್ನುವ ಊರಿನಲ್ಲಿ ಹೀಗೇ ಆಯ್ತು. ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳ ಹತ್ರ ಸಂಶೋಧಕರು ಗಿರಾಕಿಗಳ ಹಾಗೆ ಹೋದರು. ‘ಇಷ್ಟು ಕಾಯಿಗೆ ಎಷ್ಟು, ಇಷ್ಟು ಕೊಟ್ಟರೆ ಚಿಲ್ಲರೆ ಎಷ್ಟು?’ ಅಂತ ಕೇಳಿದ್ರು. 100ರಲ್ಲಿ 98 ಸರಿ. ಅದೇ ಲೆಕ್ಕವನ್ನು ಅದೇ ಮಕ್ಕಳಿಗೆ ಶಾಲೆಯ ಹಾಗೆ ಬರೀ ಅಂಕಿಯಲ್ಲಿ ಕೊಟ್ಟಾಗ 100ರಲ್ಲಿ 37 ಮಾತ್ರ. ಇದು ಪ್ರಕಟವಾದದ್ದು 1985ರಲ್ಲಿ. ಲೆಕ್ಕ ಅವರಿಗೆ ಗೊತ್ತಿತ್ತು. ನಾವು ಕೇಳಿದ ರೀತಿ ಅವರಿಗೆ ಗೊತ್ತಿರಲಿಲ್ಲ.

ಟೀಚರ್: ಅವನ ಮಗಳು ಈಗ ಮೂರನೆಯ ಕ್ಲಾಸು. ಮೊನ್ನೆ ಅವನೇ ಹೇಳಿದ, ‘ನನ್ನ ಹಾಗೇ ದಡ್ಡಿ ಟೀಚರ್, ಒತ್ತಕ್ಷರ ಬರುವುದೇ ಇಲ್ಲ’ ಅಂತ. ನಗಾಡಿಕೊಂಡೇ ಹೇಳಿದ. ನಾನೂ ನಗಾಡಿ ಒಳಗೆ ಬಂದೆ. ‘ದಡ್ಡ’ ಅನ್ನುವ ಮಾತನ್ನು ಅವನಿಗೆ ಮೊದಲು ಕೊಟ್ಟವಳು ನಾನು. ಅವನು ಅದನ್ನು ಇಷ್ಟು ವರ್ಷ ಇಟ್ಟುಕೊಂಡು ಈಗ ಮಗಳಿಗೆ ಕೊಡ್ತಿದ್ದಾನೆ.

ಶಿಷ್ಯೆ: ಬೈಕಿನ ಸದ್ದು ಕೇಳ್ತಾ ಉಂಟು ಟೀಚರ್.

ಟೀಚರ್: ಅವನೇ. ಮಗಾ, ಆ ಸ್ಲೇಟು ಕೊಡು, ಅಲ್ಲಿ ಕಿಟಕಿಯ ಹತ್ರ ಉಂಟು. ಅವನಿಗೆ ‘ಸೂರ್ಯ’ ಬರೆದು ತೋರಿಸ್ತೇನೆ, ಅರ್ಕಾವೊತ್ತು ಹಾಕಿಯೇ. ನೀನು ಓದಿದ್ದಕ್ಕೆ ಕಾರಣ ಇತ್ತು, ನನಗೆ ಕಾಣಲಿಲ್ಲ ಅಂತ ಹೇಳ್ತೇನೆ. ನಾಳೆಯಿಂದ ಸಂಜೆ ಮಗಳನ್ನು ಇಲ್ಲಿಗೆ ಕಳಿಸು ಅಂತಲೂ.

ಶಿಷ್ಯೆ: ಹೂವಿನ ಲೆಕ್ಕ?

ಟೀಚರ್: ನೀನು ಹಿಡಿ ಇದನ್ನು. ಮೊದಲಿಂದ ಎಣಿಸು.